ಚಿತ್ರ ಬಿಡಿಸುವುದು ರಕ್ತದಲ್ಲೇ ಬರಬೇಕೆ? ಕೆ. ವೆಂಕಟಪ್ಪನವರ ಬದುಕು ಕೊಡುವ ಉತ್ತರ

ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ನೋಡಿ. ಕಾಗದ ಸಿಗದಿದ್ದರೆ ಗೋಡೆಯ ಮೇಲೆ, ಇಲ್ಲವೇ ಅಕ್ಕನ ನೋಟ್‌ಬುಕ್ಕಿನ ಮೇಲೆ ಗೀಚುತ್ತದೆ. ಇದೇನು, ಆನೆಯೋ ಆಟೋವೋ ಎಂದು ಕೇಳಿದರೆ ಹಿಂಜರಿಯದೆ ಉತ್ತರ ಕೊಡುತ್ತದೆ. ಅದೇ ಮಗುವಿಗೆ ಹತ್ತು ಹನ್ನೊಂದು ವರ್ಷ ತುಂಬಲಿ. ಡ್ರಾಯಿಂಗ್ ಪೀರಿಯಡ್ ಬಂದರೆ ಪುಸ್ತಕಕ್ಕೆ ಕೈ ಅಡ್ಡ ಇಟ್ಟುಕೊಂಡು ಕೂರುತ್ತದೆ. ಪಕ್ಕದವನ ಚಿತ್ರ ನೋಡಿ, ತನಗೆ ಇದು ಬರುವುದಿಲ್ಲ ಎಂದು ತೀರ್ಮಾನಿಸುತ್ತದೆ. ಮನೆಯವರೂ ಅದಕ್ಕೆ ಮೊಹರು ಒತ್ತುತ್ತಾರೆ: ನಮ್ಮ ವಂಶದಲ್ಲಿ ಯಾರಿಗೂ ಆ ಕೈ ಇಲ್ಲ ಬಿಡಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಯಾವ ಊರಿನ ಶಾಲೆಗೆ ಹೋದರೂ ಈ ಮಾತು ಕೇಳಿಸುತ್ತದೆ. ನಮ್ಮಲ್ಲೂ ಹಲವರು ಐದನೇ ಕ್ಲಾಸಿನಲ್ಲೇ ಬಣ್ಣದ ಡಬ್ಬಿ ಮುಚ್ಚಿಟ್ಟವರೇ. ಈ ನಂಬಿಕೆಯನ್ನು ಪರೀಕ್ಷಿಸಲು ನಾವು ಬೇಕೆಂದೇ ಒಬ್ಬ ಕಷ್ಟದ ವ್ಯಕ್ತಿಯನ್ನು ಆರಿಸಿಕೊಂಡಿದ್ದೇವೆ. ಅವರು ಕೆ. ವೆಂಕಟಪ್ಪ, ಆಧುನಿಕ ಕರ್ನಾಟಕದ ಚಿತ್ರಕಲೆಯ ಇತಿಹಾಸದಲ್ಲಿ ಮೊದಲ ಸಾಲಿನ ಹೆಸರು. ಕಷ್ಟದ ವ್ಯಕ್ತಿ ಏಕೆಂದರೆ, ಅವರು ಹುಟ್ಟಿದ್ದೇ ಚಿತ್ರಗಾರರ ಮನೆಯಲ್ಲಿ. ಕಲೆ ರಕ್ತದಲ್ಲಿ ಬರುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಆ ಸಾಕ್ಷಿಯನ್ನೇ ಕೂಲಂಕಷವಾಗಿ ನೋಡೋಣ.

ಚಿತ್ರಗಾರರ ಮನೆ: ರಕ್ತವೋ, ರೂಢಿಯೋ?

ವೆಂಕಟಪ್ಪನವರು ಹುಟ್ಟಿದ್ದು 1880ರ ದಶಕದಲ್ಲಿ. ಮೈಸೂರು ಅರಮನೆಗೆ ಚಿತ್ರದ ಕೆಲಸ ಮಾಡಿಕೊಡುತ್ತಿದ್ದ ಮನೆತನ. ಅಂಥ ಮನೆಗಳಲ್ಲಿ ಮಗು ಚಿತ್ರ ಬಿಡಿಸುವ ಮೊದಲೇ ಚಿತ್ರದ ಸುತ್ತಲಿನ ಕೆಲಸಗಳನ್ನೆಲ್ಲ ನೋಡಿರುತ್ತದೆ. ಮೈಸೂರು ಶೈಲಿಯ ಚಿತ್ರಕ್ಕೆ ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿಕೊಳ್ಳಬೇಕು, ಅದರಿಂದ ಮೊದಲ ಗೆರೆ ಎಳೆಯಬೇಕು. ಬಣ್ಣ ಅರೆಯಬೇಕು. ಅಳಿಲಿನ ಕೂದಲಿನಿಂದ ಕುಂಚ ಕಟ್ಟಬೇಕು. ಒಡವೆ, ಕಿರೀಟಗಳು ಉಬ್ಬಿ ಕಾಣುವಂತೆ ಮಕ್ಕು ಹಚ್ಚಿ, ಅದರ ಮೇಲೆ ಚಿನ್ನದ ರೇಕು ಅಂಟಿಸಬೇಕು. ಇದೆಲ್ಲ ಆ ಮನೆಯಲ್ಲಿ ಅಡುಗೆಯಷ್ಟೇ ಸಹಜವಾಗಿ ನಡೆಯುತ್ತಿರುತ್ತದೆ.

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಯ ಮಗುವನ್ನು ನೆನಪಿಸಿಕೊಳ್ಳಿ. ಹುಳು ಜ್ವರಕ್ಕೆ ಕೂತಿದೆಯೇ, ಹಣ್ಣಾಗಿದೆಯೇ, ಚಂದ್ರಿಕೆಗೆ ಬಿಡುವ ಹೊತ್ತಾಯಿತೇ ಎಂಬುದನ್ನು ಆ ಮಗು ದೂರದಿಂದಲೇ ಹೇಳಬಲ್ಲದು. ಅದಕ್ಕೆ ರೇಷ್ಮೆಯ ಜ್ಞಾನ ರಕ್ತದಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ದಿನಾ ನೋಡಿ ನೋಡಿ ಬಂದದ್ದು ಎನ್ನುತ್ತೇವೆ. ಚಿತ್ರಗಾರನ ಮಗನ ವಿಷಯ ಬಂದಾಗ ಮಾತ್ರ ಈ ಸರಳ ವಿವರಣೆಯನ್ನು ಮರೆತುಬಿಡುತ್ತೇವೆ.

ಹಾಗಾದರೆ ಹುಟ್ಟಿನಿಂದ ಬರುವುದು ಏನೂ ಇಲ್ಲವೇ? ಇದೆ. ಕಣ್ಣಿನ ದೃಷ್ಟಿ, ಕೈಯ ಸ್ಥಿರತೆ, ಒಂದೇ ಕಡೆ ಕೂರುವ ಸ್ವಭಾವ ಇವೆಲ್ಲ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಆದರೆ ಈ ವ್ಯತ್ಯಾಸ ಒಬ್ಬರು ಎಷ್ಟು ಬೇಗ ಕಲಿಯುತ್ತಾರೆ, ಎಷ್ಟು ದೂರ ಹೋಗುತ್ತಾರೆ ಎಂಬುದರ ಮೇಲೆ ಪ್ರಭಾವ ಬೀರುತ್ತದೆಯೇ ಹೊರತು ಕಲಿಯಬಹುದೇ ಇಲ್ಲವೇ ಎಂಬುದನ್ನು ನಿರ್ಧರಿಸುವುದಿಲ್ಲ. ವೆಂಕಟಪ್ಪನವರಿಗೆ ಮನೆಯಿಂದ ಸಿಕ್ಕ ದೊಡ್ಡ ಆಸ್ತಿ ಮೂರು: ಕೈಗೆ ಸಿಗುವ ಸಾಮಗ್ರಿ, ಕಣ್ಣೆದುರು ಕೆಲಸ ಮಾಡುವ ಹಿರಿಯರು, ಮತ್ತು ಚಿತ್ರ ಬಿಡಿಸುವುದು ಸಮಯ ಹಾಳು ಎಂದು ಬೈಯದ ವಾತಾವರಣ. ಈ ಮೂರನ್ನೂ ಬೇರೆ ಮನೆಗಳು ಸಹ ಸ್ವಲ್ಪ ಮಟ್ಟಿಗೆ ಕೊಡಬಹುದು.

ಇವುಗಳ ಜೊತೆಗೆ ನಾಲ್ಕನೆಯದೊಂದು ಅವರಿಗೆ ಸಿಕ್ಕಿತು, ಅದು ಆಶ್ರಯ. ನಾಲ್ವಡಿ ಕೃಷ್ಣರಾಜ ಒಡೆಯರ್ ಈ ಯುವಕನ ಕೈಗೆಲಸ ಮೆಚ್ಚಿದರು. ಮೈಸೂರು ಸರ್ಕಾರದ ನೆರವಿನಿಂದ ವೆಂಕಟಪ್ಪನವರು 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದರು. ಪ್ರತಿಭೆಯ ಕಥೆ ಹೇಳುವಾಗ ಇಂಥ ನೆರವನ್ನು ಬಿಟ್ಟು ಹೇಳುವುದು ನಮ್ಮ ರೂಢಿ. ಆದರೆ ಆ ನೆರವು ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಕಲ್ಕತ್ತೆ: ನಕಲು ಮಾಡಿದರೆ ಕೈ ಕೆಡುತ್ತದೆಯೇ?

ಆಗ ಆ ಕಲಾಶಾಲೆಯ ಪ್ರಾಂಶುಪಾಲರು ಪರ್ಸಿ ಬ್ರೌನ್. ಅಲ್ಲಿ ವೆಂಕಟಪ್ಪನವರ ಗುರು ಅವನೀಂದ್ರನಾಥ ಠಾಕೂರ್. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್, ಕ್ಷಿತೀಂದ್ರನಾಥ ಮಜುಂದಾರ್ ಅದೇ ಗುರುವಿನ ಶಿಷ್ಯರು. ಮೈಸೂರಿನ ಚಿನ್ನದ ರೇಕಿನ ಶೈಲಿಯಲ್ಲಿ ಬೆಳೆದ ಹುಡುಗನಿಗೆ ಅಲ್ಲಿ ಎಲ್ಲವೂ ಹೊಸದು. ಜಪಾನಿನ ಕಲಾವಿದರಿಂದ ಪ್ರೇರಣೆ ಪಡೆದ ವಾಶ್ ವಿಧಾನ ಆ ಗುಂಪಿನ ಗುರುತಾಗಿತ್ತು. ಜಲವರ್ಣದ ತೆಳು ಪದರ ಹಚ್ಚಿ, ಒಣಗಿಸಿ, ಕಾಗದವನ್ನು ನೀರಿನಲ್ಲಿ ನೆನೆಸಿ, ಮತ್ತೆ ಬಣ್ಣ ಹಚ್ಚುವ ವಿಧಾನವದು. ಆತುರಗಾರರಿಗೆ ಹೇಳಿಸಿದ್ದಲ್ಲ. ಒಂದು ಪದರ ಒಣಗುವ ತನಕ ಕಾಯಲೇಬೇಕು.

ಅವನೀಂದ್ರನಾಥರು ಭಾರತೀಯ ಶಿಲ್ಪ, ಚಿತ್ರಗಳಲ್ಲಿನ ಅಂಗ ಪ್ರಮಾಣಗಳ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದರು. 1914ರಲ್ಲಿ ಅದು ಇಂಗ್ಲಿಷಿನಲ್ಲಿ ಬಂತು. ಅದರ ರೇಖಾಚಿತ್ರಗಳಲ್ಲಿ ನಂದಲಾಲ್ ಮತ್ತು ವೆಂಕಟಪ್ಪನವರ ಕೈ ಇದೆ. ಮುಖದ ಉದ್ದವನ್ನು ಒಂದು ತಾಲವೆಂದು ಹಿಡಿದು ಇಡೀ ಮೈಯನ್ನು ಅಳೆಯುವ ಕ್ರಮ ಅಲ್ಲಿದೆ. ಹುಬ್ಬಿಗೆ ಬೇವಿನೆಲೆ ಅಥವಾ ಬಿಲ್ಲು, ಕಣ್ಣಿಗೆ ಮೀನು, ಮೂಗಿಗೆ ಎಳ್ಳಿನ ಹೂ ಅಥವಾ ಗಿಳಿಯ ಕೊಕ್ಕು, ಕುತ್ತಿಗೆಗೆ ಶಂಖ ಎಂದು ಹೋಲಿಕೆಗಳಿವೆ. ಈ ಅಳತೆಗಳು ಕಲಾವಿದನ ಕಾಲಿಗೆ ಬೇಡಿಯಲ್ಲ ಎಂಬ ಎಚ್ಚರಿಕೆಯನ್ನೂ ಗುರುಗಳು ಅದರಲ್ಲೇ ಕೊಟ್ಟಿದ್ದಾರೆ. ಸೋದರಿ ನಿವೇದಿತಾ ಆರಂಭಿಸಿ, ಅವರು ತೀರಿಕೊಂಡ ಮೇಲೆ ಆನಂದ ಕುಮಾರಸ್ವಾಮಿ ಮುಗಿಸಿದ ಪುರಾಣ ಕಥೆಗಳ ಪುಸ್ತಕ 1913ರಲ್ಲಿ ಪ್ರಕಟವಾಯಿತು. ಅದರ ರಾಮಾಯಣ ಭಾಗದ ಹಲವು ಚಿತ್ರಗಳು ವೆಂಕಟಪ್ಪನವರವು.

ಇಲ್ಲಿ ಒಂದು ಸಾಮಾನ್ಯ ತಪ್ಪು ಕಲ್ಪನೆಯನ್ನು ಬಿಡಿಸೋಣ. ನೋಡಿ ಬರೆದರೆ ಅದು ನಕಲು, ನಿಜವಾದ ಕಲಾವಿದ ಮನಸ್ಸಿನಿಂದಲೇ ಬರೆಯುತ್ತಾನೆ ಎನ್ನುವವರಿದ್ದಾರೆ. ವೆಂಕಟಪ್ಪನವರ ಕಲಿಕೆಯ ಕಾಲವೆಲ್ಲ ಹಿಂದಿನವರ ಗೆರೆ, ಅಳತೆ, ವಿಧಾನಗಳನ್ನು ಮತ್ತೆ ಮತ್ತೆ ಕೈಗೆ ತಂದುಕೊಳ್ಳುವುದರಲ್ಲೇ ಕಳೆಯಿತು. ಸಂಗೀತ ಕಲಿಯುವವರು ಸರಳೆ ವರಸೆ ಹಾಡಿದರೆ ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಚಿತ್ರದಲ್ಲೂ ಹಾಗೆಯೇ. ಕಣ್ಣು ಮುಚ್ಚಿ ಮಾಡುವ ನಕಲಿಗೂ, ಈ ಗೆರೆ ಇಲ್ಲೇ ಏಕೆ ಬಾಗಿದೆ ಎಂದು ಕೇಳಿಕೊಳ್ಳುತ್ತ ಮಾಡುವ ನಕಲಿಗೂ ವ್ಯತ್ಯಾಸವಿದೆ. ಎರಡನೆಯದು ಪಾಠ.

ಹಾಗಿದ್ದರೆ ಎಷ್ಟು ಗಂಟೆ ಅಭ್ಯಾಸ ಮಾಡಬೇಕು? ಹತ್ತು ಸಾವಿರ ಗಂಟೆ ಎಂಬ ಲೆಕ್ಕ ನೀವು ಕೇಳಿರಬಹುದು. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ ಅದರ ಮೂಲ. ಅತ್ಯುತ್ತಮ ಗುಂಪಿನವರು ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಸರಾಸರಿ ಅಷ್ಟು ಗಂಟೆ ಒಬ್ಬರೇ ಕೂತು ಸಾಧನೆ ಮಾಡಿದ್ದರು. ಅದು ಒಂದು ಗುಂಪಿನ ಸರಾಸರಿ ಅಷ್ಟೆ. 2008ರಲ್ಲಿ ಮಾಲ್ಕಂ ಗ್ಲಾಡ್‌ವೆಲ್ ಅವರ ಜನಪ್ರಿಯ ಪುಸ್ತಕದಿಂದ ಅದು ಸೂತ್ರವಾಗಿಬಿಟ್ಟಿತು. ಎರಿಕ್ಸನ್ ಅವರೇ ಇದನ್ನು ಒಪ್ಪಲಿಲ್ಲ. 2014ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಂಗೀತದಲ್ಲಿ ಜನರ ನಡುವಿನ ಸಾಧನೆಯ ವ್ಯತ್ಯಾಸದಲ್ಲಿ ಶೇ. 21ರಷ್ಟನ್ನು ಮಾತ್ರ ಉದ್ದೇಶಪೂರ್ವಕ ಅಭ್ಯಾಸ ವಿವರಿಸಿತು. ಅಭ್ಯಾಸ ಬೇಕೇ ಬೇಕು, ಆದರೆ ಗಂಟೆಯ ಮೀಟರ್ ಓಡಿಸಿದ ಮಾತ್ರಕ್ಕೆ ಕಲಾವಿದರಾಗುವುದಿಲ್ಲ. ತಪ್ಪು ಎಲ್ಲಿ ಆಯಿತು ಎಂದು ತೋರಿಸುವ ಗುರು, ಅದನ್ನು ತಿದ್ದಿಕೊಳ್ಳುವ ಮನಸ್ಸು ಇದ್ದಾಗ ಮಾತ್ರ ಆ ಗಂಟೆಗಳಿಗೆ ಬೆಲೆ.

ವೀಣೆಯ ಹುಚ್ಚು

1916ರ ಹೊತ್ತಿಗೆ ವೆಂಕಟಪ್ಪನವರು ಮೈಸೂರು ಸೀಮೆಗೆ ವಾಪಸಾದರು. ಹೆಸರು ಬಂದಿತ್ತು, ಕೈ ಪಳಗಿತ್ತು. ಇನ್ನು ಚಿತ್ರದ ಮೇಲೆ ಚಿತ್ರ ಬರೆದು ಗುಡ್ಡೆ ಹಾಕುತ್ತಾರೆ ಎಂದು ಯಾರಾದರೂ ಎಣಿಸಿದ್ದರೆ ಅವರಿಗೆ ನಿರಾಶೆಯಾಗಿರಬೇಕು. ಅವರು ವೈಣಿಕ ಶೇಷಣ್ಣನವರ ಬಳಿ ವೀಣೆ ಕಲಿಯಲು ಕೂತರು. ಅದೂ ಕಾಟಾಚಾರಕ್ಕಲ್ಲ. ಕುಂಚವನ್ನು ಬದಿಗಿಡುವಷ್ಟು ತೀವ್ರವಾಗಿ. ತಮ್ಮ ಈ ವೀಣೆಯ ಹುಚ್ಚನ್ನೇ ವಸ್ತುವಾಗಿಸಿಕೊಂಡು ಒಂದು ಚಿತ್ರವನ್ನೂ ಬರೆದರು.

ಒಂದು ವಿದ್ಯೆಯಲ್ಲಿ ಪಳಗಿದ ಮೇಲೆ ಇನ್ನೊಂದರಲ್ಲಿ ಮೊದಲ ಪಾಠದಿಂದ ಶುರು ಮಾಡುವುದು ಸುಲಭವಲ್ಲ. ಊರೆಲ್ಲ ಕಲಾವಿದ ಎಂದು ಕರೆಯುವಾಗ, ಗುರುವಿನ ಮುಂದೆ ಕೂತು ಅಪಸ್ವರ ನುಡಿಸಿ ತಿದ್ದಿಸಿಕೊಳ್ಳಲು ದೊಡ್ಡ ಮನಸ್ಸು ಬೇಕು. ವೀಣೆಯ ಪಾಠ ಸಾಗುವ ಕ್ರಮವನ್ನೊಮ್ಮೆ ಗಮನಿಸಿ. ಮೊದಲು ಸರಳೆ, ಆಮೇಲೆ ಜಂಟಿ, ಆಮೇಲೆ ಅಲಂಕಾರ. ಒಂದನ್ನೇ ಮೊದಲು ನಿಧಾನ ಕಾಲದಲ್ಲಿ, ಬಳಿಕ ಎರಡನೇ ಕಾಲದಲ್ಲಿ, ಮೂರನೇ ಕಾಲದಲ್ಲಿ. ನಿಧಾನ ಕಾಲದಲ್ಲಿ ತಪ್ಪದವರು ಮಾತ್ರ ಮುಂದಕ್ಕೆ. ಹಾಡ್ತಾ ಹಾಡ್ತಾ ರಾಗ ಎಂಬ ಗಾದೆ ಇದೇ ಅನುಭವದಿಂದ ಹುಟ್ಟಿದ್ದು.

ಚಿತ್ರ ಕಲಿಯುವ ಮಕ್ಕಳಿಗೆ ನಾವು ಇದನ್ನು ಮಾಡಿಸುವುದೇ ಇಲ್ಲ. ಮೊದಲ ದಿನವೇ ಬೆಟ್ಟ, ಮನೆ, ನದಿ, ಸೂರ್ಯ, ತೆಂಗಿನಮರ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಕೇಳುತ್ತೇವೆ. ಅದು ಸರಳೆ ಬಾರದವರಿಗೆ ಕಛೇರಿ ಕೊಡಿ ಎಂದಂತೆ. ನೇರ ಗೆರೆ, ಬಾಗಿದ ಗೆರೆ, ವೃತ್ತ, ಲೋಟದ ಬಾಯಿಯಂಥ ಅಂಡಾಕಾರ ಇವೇ ಚಿತ್ರದ ಸರಳೆ ವರಸೆ.

ಇಲ್ಲೊಂದು ಎಚ್ಚರಿಕೆ. ವೀಣೆ ಕಲಿತಿದ್ದರಿಂದ ಅವರ ಚಿತ್ರ ಸುಧಾರಿಸಿತು ಎಂದು ನಾವು ಹೇಳುತ್ತಿಲ್ಲ. ಸಂಗೀತ ಕಲಿತರೆ ಬುದ್ಧಿಯೇ ಚುರುಕಾಗುತ್ತದೆ ಎಂಬ ಮಾತು 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟ್ ಸಂಗೀತ ಕೇಳಿಸಿದ ಒಂದು ಪ್ರಯೋಗದಿಂದ ಹಬ್ಬಿತು. ಅಲ್ಲಿ ಕಂಡ ಲಾಭ ಕೆಲವೇ ನಿಮಿಷಗಳದ್ದು, ಅದೂ ಒಂದು ಬಗೆಯ ಪರೀಕ್ಷೆಯಲ್ಲಿ. ಒಂದು ವಿದ್ಯೆಯ ಕೌಶಲ ತಾನಾಗಿ ಇನ್ನೊಂದಕ್ಕೆ ಹರಿದು ಹೋಗುವುದು ಅಪರೂಪ. ಅಭ್ಯಾಸ ಮಾಡುವ ಕ್ರಮವನ್ನು ಮಾತ್ರ ನಾವು ಬೇಕೆಂದೇ ಒಂದರಿಂದ ಇನ್ನೊಂದಕ್ಕೆ ಹೊತ್ತೊಯ್ಯಬಹುದು.

ಊಟಿ, ಕೊಡೈಕೆನಾಲ್: ನಲವತ್ತರಲ್ಲಿ ಹೊಸ ಪಾಠ

1920ರ ದಶಕದ ಮಧ್ಯದಲ್ಲಿ, ವಯಸ್ಸು ನಲವತ್ತರ ಆಸುಪಾಸಿನಲ್ಲಿದ್ದಾಗ, ವೆಂಕಟಪ್ಪನವರು ಊಟಿಗೆ ಹೋದರು. ಅಲ್ಲಿ ಅವರು ದೇವತೆಗಳನ್ನೂ ಪುರಾಣವನ್ನೂ ಬದಿಗಿಟ್ಟು ಬೆಟ್ಟ, ಕೆರೆ, ಮಂಜು, ಮೋಡ, ಬೆಳದಿಂಗಳನ್ನು ಬರೆಯಲು ಕೂತರು. 1934ರಲ್ಲಿ ಕೊಡೈಕೆನಾಲಿನಲ್ಲಿ ಇದೇ ಕೆಲಸ ಮುಂದುವರಿಯಿತು. ಈ ಜಲವರ್ಣ ಚಿತ್ರಗಳು ಗಾತ್ರದಲ್ಲಿ ದೊಡ್ಡವಲ್ಲ. ಆದರೆ ಮಳೆಮೋಡ ಒಡೆಯುವ ಹೊತ್ತಿನ ಬೆಳಕಿಗೂ ಮುಂಜಾನೆಯ ಮಂಜಿನ ಬೆಳಕಿಗೂ ಅವುಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣುತ್ತದೆ. ಇಂದು ವೆಂಕಟಪ್ಪ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಈ ಚಿತ್ರಗಳೇ.

ಮಂಜು ಮತ್ತು ಬೆಟ್ಟ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೂ ಹೊಸದಲ್ಲ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲೆ ಬೆಳಿಗ್ಗೆ ನಿಂತು ನೋಡಿ. ಹತ್ತಿರದ ಬಂಡೆ ಕಂದು, ಆಚೆಯ ಗುಡ್ಡ ಬೂದು, ಇನ್ನೂ ಆಚೆಯದು ತಿಳಿನೀಲಿ. ಮಕ್ಕಳ ಚಿತ್ರಗಳಲ್ಲಿ ಮಾತ್ರ ಎಲ್ಲ ಬೆಟ್ಟಗಳೂ ಒಂದೇ ಗಾಢ ಹಸಿರು, ಏಕೆಂದರೆ ಬೆಟ್ಟ ಹಸಿರಾಗಿರುತ್ತದೆ ಎಂದು ನಮಗೆ ಗೊತ್ತು. ಕಣ್ಣು ಹೇಳುವುದು ಬೇರೆ. ದೂರದ ಬೆಟ್ಟಕ್ಕೂ ನಮಗೂ ನಡುವೆ ಇರುವ ಗಾಳಿ ಸೂರ್ಯನ ಬೆಳಕನ್ನು ಚದುರಿಸುತ್ತದೆ. ನೀಲಿ ಬೆಳಕು ಹೆಚ್ಚು ಚದುರುತ್ತದೆ. ಆ ಚದುರಿದ ಬೆಳಕು ಬೆಟ್ಟದ ಮೇಲೆ ತೆಳು ಪರದೆಯಂತೆ ಬಂದು ಕೂರುತ್ತದೆ. ದೂರ ಹೆಚ್ಚಾದಷ್ಟೂ ಪರದೆ ದಪ್ಪ. ತೆಳು ಪದರದ ಮೇಲೆ ಪದರ ಹಚ್ಚುವ ಜಲವರ್ಣಕ್ಕೆ ಇದಕ್ಕಿಂತ ಒಪ್ಪುವ ವಸ್ತು ಇನ್ನೊಂದಿಲ್ಲ.

ಗೊತ್ತಿರುವುದು ಬೇರೆ, ಕಾಣುವುದು ಬೇರೆ ಎಂಬುದನ್ನು ನೀವೇ ಪರೀಕ್ಷಿಸಬಹುದು. ದಿನಾ ಕೈಯಲ್ಲಿ ಹಿಡಿಯುವ ಐದು ರೂಪಾಯಿ ನಾಣ್ಯವನ್ನು ನೋಡದೆ ಬಿಡಿಸಿ. ಸಿಂಹಗಳ ಮುಖ ಎತ್ತ? ಅಕ್ಷರಗಳು ಎಲ್ಲಿ? ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು 1979ರಲ್ಲಿ ಅಲ್ಲಿನ ಒಂದು ಸೆಂಟ್ ನಾಣ್ಯದ ಮೇಲೆ ಇದೇ ಪರೀಕ್ಷೆ ಮಾಡಿದರು. ಜೀವನವಿಡೀ ಆ ನಾಣ್ಯ ಬಳಸಿದವರೂ ಅದರ ವಿವರಗಳನ್ನು ಸರಿಯಾಗಿ ನೆನಪಿಸಿಕೊಳ್ಳಲಾರದೆ ಹೋದರು. ಬಳಸುವುದಕ್ಕೆ ಗುರುತು ಹತ್ತಿದರೆ ಸಾಕು, ಪೂರ್ತಿ ನೋಡಬೇಕಾಗಿಲ್ಲ. ಚಿತ್ರ ಬಿಡಿಸಲು ಮಾತ್ರ ಪೂರ್ತಿ ನೋಡಬೇಕು. ಚಿತ್ರ ಬರುವುದಿಲ್ಲ ಎನ್ನುವ ಬಹುತೇಕರ ತೊಂದರೆ ಕೈಯಲ್ಲಿಲ್ಲ, ಕಣ್ಣನ್ನು ಬಳಸುವ ರೀತಿಯಲ್ಲಿದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಸ್ತುವಿನ ಕಡೆಗೂ ಕಾಗದದ ಕಡೆಗೂ ಮತ್ತೆ ಮತ್ತೆ ದೃಷ್ಟಿ ಹೊರಳಿಸುವವರ ಚಿತ್ರ ಹೆಚ್ಚು ನಿಖರವಾಗಿತ್ತು. ಒಮ್ಮೆ ದಿಟ್ಟಿಸಿ ನೋಡಿ, ಆಮೇಲೆ ತಲೆ ತಗ್ಗಿಸಿ ನೆನಪಿನಿಂದ ಬರೆಯುವುದಕ್ಕಿಂತ ಅದು ಮೇಲು.

ಚಿತ್ರಕಲೆಗೆ ಬಲ ಮೆದುಳು ಚುರುಕಾಗಿರಬೇಕು, ಲೆಕ್ಕದ ಮಕ್ಕಳಿಗೆ ಎಡ ಮೆದುಳು ಜೋರು, ಹಾಗಾಗಿ ಅವರಿಗೆ ಚಿತ್ರ ಒಲಿಯದು ಎಂಬ ಮಾತೂ ಚಾಲ್ತಿಯಲ್ಲಿದೆ. ಮೆದುಳಿನ ಎರಡು ಭಾಗಗಳ ಕೆಲಸದಲ್ಲಿ ವ್ಯತ್ಯಾಸವಿದೆ ಎಂದು ತೋರಿಸಿದ ರೋಜರ್ ಸ್ಪೆರ‍್ರಿ ಅವರಿಗೆ 1981ರಲ್ಲಿ ನೊಬೆಲ್ ಬಂದಿದ್ದು ನಿಜ. ಆದರೆ ಜನರಲ್ಲಿ ಎಡ ಮೆದುಳಿನವರು, ಬಲ ಮೆದುಳಿನವರು ಎಂಬ ಎರಡು ಜಾತಿಗಳಿಲ್ಲ. 2013ರಲ್ಲಿ ಅಮೆರಿಕದ ಯೂಟಾದ ಸಂಶೋಧಕರು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ನೋಡಿ, ಅಂಥ ವಿಂಗಡಣೆಗೆ ಆಧಾರ ಸಿಗಲಿಲ್ಲ ಎಂದರು. ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಬಿಡಿಸಿದ ಸ್ಪೇನಿನ ವಿಜ್ಞಾನಿ ಕಹಾಲ್ ಅವರಿಗೆ 1906ರಲ್ಲಿ ನೊಬೆಲ್ ಸಿಕ್ಕಿತು. ಅವರ ಚಿತ್ರಗಳು ಇಂದಿಗೂ ಪಠ್ಯಪುಸ್ತಕಗಳಲ್ಲಿವೆ. ವಿಜ್ಞಾನಕ್ಕೂ ಚಿತ್ರಕ್ಕೂ ಬೇಕಾದದ್ದು ಒಂದೇ ಕಣ್ಣು.

ದಿನಚರಿ ಮತ್ತು 21 ದಿನಗಳ ಲೆಕ್ಕ

ವೆಂಕಟಪ್ಪನವರು ಡೈರಿ ಬರೆಯುವವರು. ಅವರ ಡೈರಿಗಳು ಉಳಿದುಕೊಂಡಿವೆ. ಅವರ ಬಗ್ಗೆ ಬರೆದ ಇತಿಹಾಸಕಾರರಿಗೆ ಅವು ದೊಡ್ಡ ಆಕರವಾಗಿವೆ. ಮಿತವಾದ ಊಟ, ಕಟ್ಟುನಿಟ್ಟಿನ ಜೀವನ, ನಿಗದಿತ ಕೆಲಸ. ಮದುವೆಯಾಗಲಿಲ್ಲ. ಸ್ಫೂರ್ತಿ ಬಂದಾಗ ಬರೆಯುವ ಕಲಾವಿದ ಎಂಬ ಸಿನಿಮಾದ ಚಿತ್ರಣಕ್ಕೆ ಅವರು ಪೂರ್ತಿ ವಿರುದ್ಧ.

ಇಂಥ ರೂಢಿಯನ್ನು 21 ದಿನದಲ್ಲಿ ಬೆಳೆಸಿಕೊಳ್ಳಬಹುದೇ? ಈ ಲೆಕ್ಕ ಬಂದಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ. ತನ್ನ ರೋಗಿಗಳು ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕು ಎಂದು ಆತ ಗಮನಿಸಿದ್ದ. ಕನಿಷ್ಠ ಎಂಬ ಪದ ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ, 2010ರಲ್ಲಿ ಅಚ್ಚಾದ ಅಧ್ಯಯನದಲ್ಲಿ ಹೊಸ ರೂಢಿ ಬೇರೂರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254 ದಿನ. ಅದರಲ್ಲಿ ಇನ್ನೊಂದು ಸಮಾಧಾನದ ವಿಷಯವೂ ಇದೆ. ನಡುವೆ ಒಂದು ದಿನ ತಪ್ಪಿದರೆ ಹಾನಿಯೇನೂ ಇಲ್ಲ. ಹಬ್ಬಕ್ಕೆ ಊರಿಗೆ ಹೋಗಿ ಎರಡು ದಿನ ಪೆನ್ಸಿಲ್ ಮುಟ್ಟದಿದ್ದರೆ, ಎಲ್ಲ ಹಾಳಾಯಿತು ಎಂದು ಬಿಟ್ಟುಬಿಡುವುದೇ ನಿಜವಾದ ಹಾನಿ.

ಶಿಸ್ತಿನ ಇನ್ನೊಂದು ಮುಖ

ಇಷ್ಟು ಓದಿದವರಿಗೆ ವೆಂಕಟಪ್ಪನವರಂತೆಯೇ ಬದುಕಬೇಕು ಎನಿಸಬಹುದು. ಸ್ವಲ್ಪ ತಡೆಯಿರಿ. ಮಹಾರಾಜರ ಆಶ್ರಯದಲ್ಲಿ ಅವರು ಮೈಸೂರು ಅರಮನೆಗಾಗಿ ಪ್ಲಾಸ್ಟರ್ ಉಬ್ಬುಶಿಲ್ಪಗಳ ಕೆಲಸಕ್ಕೆ ತೊಡಗಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಕೆಲಸ ನಿಂತಿತು. ತಮಗಾದ ನಷ್ಟಕ್ಕಾಗಿ ವೆಂಕಟಪ್ಪನವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕಲಾವಿದನ ಕೆಲಸಕ್ಕೂ ಒಂದು ಬೆಲೆ, ಒಂದು ಹಕ್ಕು ಇದೆ ಎಂಬ ಅವರ ಪಟ್ಟು ಸಣ್ಣದಲ್ಲ. ಆದರೆ ಚಿತ್ರಕ್ಕೆ ಸಲ್ಲಬೇಕಾದ ಕಾಲವನ್ನು ವ್ಯಾಜ್ಯವೂ ನುಂಗಿತು. ಬೆಂಗಳೂರಿನ ಮಲ್ಲೇಶ್ವರದ ಮನೆಯಲ್ಲಿ ಅವರು ಹೆಚ್ಚು ಜನರನ್ನು ಹಚ್ಚಿಕೊಳ್ಳದೆ ಬದುಕಿದರು. ಅಷ್ಟು ದೊಡ್ಡ ಕಲಾವಿದರ ಕೃತಿಗಳ ಸಂಖ್ಯೆ ದೊಡ್ಡದಲ್ಲ. ಶಿಷ್ಯರ ದೊಡ್ಡ ಪರಂಪರೆಯೂ ಬೆಳೆಯಲಿಲ್ಲ. 1960ರ ದಶಕದಲ್ಲಿ ಅವರು ತೀರಿಕೊಂಡರು.

ಕಲಾವಿದರಾಗಲು ಸನ್ಯಾಸಿಯಾಗಬೇಕು ಎಂಬುದೂ ಒಂದು ಮಿಥ್ಯೆಯೇ. ಅವರ ಜೊತೆ ಕಲಿತ ನಂದಲಾಲ್ ಬೋಸ್ ಸಂಸಾರಸ್ಥರಾಗಿ, ಶಾಂತಿನಿಕೇತನದಲ್ಲಿ ತಲೆಮಾರುಗಟ್ಟಲೆ ಮಕ್ಕಳಿಗೆ ಕಲಿಸಿದರು. ಒಬ್ಬರ ಒಂಟಿತನವನ್ನು ಅವರ ಕಲೆಗೆ ಕಾರಣವೆಂದು ಹೇಳುವುದು ತಪ್ಪು ತರ್ಕ. ಅವರಿಂದ ನಾವು ಪಡೆಯಬೇಕಾದದ್ದು ಕೂತು ನೋಡುವ ರೂಢಿಯನ್ನು, ಉಪವಾಸವನ್ನಲ್ಲ.

ಮನಸ್ಸಿದ್ದರೆ ಮಾರ್ಗ ಎಂಬುದಕ್ಕೂ ಮಿತಿಯಿದೆ. ಸಾಮರ್ಥ್ಯ ಬೆಳೆಯಬಲ್ಲದು ಎಂದು ನಂಬುವ ಮಕ್ಕಳು ಹೆಚ್ಚು ಕಲಿಯುತ್ತಾರೆ ಎಂಬ ಕ್ಯಾರಲ್ ಡ್ವೆಕ್ ಅವರ ವಿಚಾರ ಬಹಳ ಪ್ರಸಿದ್ಧ. 2019ರಲ್ಲಿ ಅಮೆರಿಕದ ಸುಮಾರು 12,000 ವಿದ್ಯಾರ್ಥಿಗಳ ಮೇಲೆ ಅದನ್ನು ಪರೀಕ್ಷಿಸಿದಾಗ ಪರಿಣಾಮ ಕಂಡಿತು, ಆದರೆ ಸಣ್ಣದು. ಅದೂ ಹಿಂದುಳಿದ ವಿದ್ಯಾರ್ಥಿಗಳಲ್ಲಿ. ಸುತ್ತಲಿನ ವಾತಾವರಣ ಅದನ್ನು ಬೆಂಬಲಿಸುವಂತಿದ್ದಾಗ ಲಾಭ ಹೆಚ್ಚು. ಅಂದರೆ, ನಿನಗೆ ಬರುತ್ತದೆ ಎಂದು ಹೇಳಿದರೆ ಸಾಲದು. ಹಾಳೆ, ಪೆನ್ಸಿಲ್, ಸಮಯ, ತಿದ್ದುವ ಹಿರಿಯರು ಬೇಕು. ವೆಂಕಟಪ್ಪನವರಿಗೆ ಮನೆಯೂ ಮಹಾರಾಜರೂ ಕೊಟ್ಟದ್ದು ಇದನ್ನೇ.

ಹಾಗಾದರೆ ಇಂದಿನಿಂದ ಏನು ಮಾಡಬಹುದು?

- ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಅದನ್ನು ಈಗಾಗಲೇ ಇರುವ ಯಾವುದಾದರೂ ಕೆಲಸಕ್ಕೆ ಗಂಟು ಹಾಕಿ. ಸಂಜೆ ಕಾಫಿ ಕುಡಿದ ಕೂಡಲೇ, ಅಥವಾ ಶಾಲೆಯಿಂದ ಬಂದು ಕೈಕಾಲು ತೊಳೆದ ಕೂಡಲೇ.

- ನೆನಪಿನಿಂದ ಬೇಡ, ಎದುರಿಗಿಟ್ಟುಕೊಂಡು ಬಿಡಿಸಿ. ಹಳೆಯ ಹಿಪ್ಪುನೇರಳೆ ಗಿಡವೊಂದರಿಂದ ನಾಲ್ಕು ಎಲೆ ಕಿತ್ತು ತನ್ನಿ. ಒಂದೇ ಗಿಡದಲ್ಲಿ ಸೀಳಿದ ಎಲೆಯೂ ಸೀಳದ ಎಲೆಯೂ ಇರುವುದುಂಟು. ಎಲೆ ಎಂದರೆ ಹೀಗೇ ಇರುತ್ತದೆ ಎಂಬ ನಿಮ್ಮ ಖಾತ್ರಿ ಅಲ್ಲೇ ಕರಗುತ್ತದೆ.

- ಬಿಳಿ ರೇಷ್ಮೆ ಗೂಡೊಂದನ್ನು ಬಿಳಿ ಹಾಳೆಯ ಮೇಲೆ ಕಿಟಕಿಯ ಬಳಿ ಇಡಿ. ಗಟ್ಟಿ ಅಂಚಿನ ಗೆರೆ ಎಳೆಯದೆ, ನೆರಳಿನಿಂದ ಮಾತ್ರ ಅದನ್ನು ತೋರಿಸಲು ಪ್ರಯತ್ನಿಸಿ. ಮೊದಲ ಹತ್ತು ಗೂಡುಗಳು ಆಲೂಗಡ್ಡೆಯಂತೆ ಕಾಣುತ್ತವೆ. ಹನ್ನೊಂದನೆಯದನ್ನೂ ಬಿಡಿಸಿ.

- ಒಂದೇ ವಸ್ತುವನ್ನು ಬೇರೆ ಬೇರೆ ಹೊತ್ತಿನಲ್ಲಿ ಬಿಡಿಸಿ. ಚಿಂತಾಮಣಿಯಲ್ಲಿ ಕಾಣುವ ಕಲ್ಲುಗುಡ್ಡವಾಗಲಿ, ಗೌರಿಬಿದನೂರಿನ ಜೋಳದ ಹೊಲವಾಗಲಿ, ಬೆಳಿಗ್ಗೆ ಏಳಕ್ಕೂ ಸಂಜೆ ಐದಕ್ಕೂ ಅದು ಬೇರೆಯೇ.

- ಹಾಳೆಯ ಮೂಲೆಯಲ್ಲಿ ದಿನಾಂಕ ಬರೆಯಿರಿ, ಹರಿದು ಎಸೆಯಬೇಡಿ. ಮೂರು ತಿಂಗಳ ಹಿಂದಿನ ನಿಮ್ಮ ಚಿತ್ರದ ಜೊತೆ ಇಂದಿನದನ್ನು ಹೋಲಿಸಿ. ಪಕ್ಕದವನ ಚಿತ್ರದ ಜೊತೆ ಬೇಡ.

- ದೊಡ್ಡವರು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ತೀರ್ಪು ಕೊಡುವ ಬದಲು ಕಂಡದ್ದನ್ನು ಹೇಳಿ. ಈ ಲೋಟದ ಬಾಯಿ ಇನ್ನೂ ಸ್ವಲ್ಪ ಚಪ್ಪಟೆ ಕಾಣುತ್ತಿದೆ, ಮತ್ತೊಮ್ಮೆ ನೋಡು ಎಂದರೆ ಮಗು ಮತ್ತೊಮ್ಮೆ ನೋಡುತ್ತದೆ.

ಕೊನೆಯದಾಗಿ ಒಂದು ಪ್ರವಾಸ. ಚಿಕ್ಕಬಳ್ಳಾಪುರದ ಕಡೆಯ ಶಾಲೆಗಳು ಬೆಂಗಳೂರಿಗೆ ಮಕ್ಕಳನ್ನು ಕರೆದೊಯ್ದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ತಪ್ಪಿಸುವುದಿಲ್ಲ. ಮುದ್ದೇನಹಳ್ಳಿಯವರ ಹೆಸರಲ್ಲವೇ! ಅದರ ಆಸುಪಾಸಿನಲ್ಲೇ ವೆಂಕಟಪ್ಪನವರ ಹೆಸರಿನ ಆರ್ಟ್ ಗ್ಯಾಲರಿ ಇದೆ. ಮುಂದಿನ ಸಲ ತೆರೆದಿರುವ ದಿನ ವಿಚಾರಿಸಿಕೊಂಡು ಹೋಗಿ. ಊಟಿಯ ಬೆಟ್ಟಗಳ ಮುಂದೆ ಮಕ್ಕಳನ್ನು ಐದು ನಿಮಿಷ ನಿಲ್ಲಿಸಿ, ದೂರದ ಬೆಟ್ಟಕ್ಕೆ ಯಾವ ಬಣ್ಣ ಹಚ್ಚಿದ್ದಾರೆ ಎಂದು ಕೇಳಿ. ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ನಂದಿ ಬೆಟ್ಟ ಕಂಡೊಡನೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ಹಸಿರು ಎಂದು ಥಟ್ಟನೆ ಹೇಳದೆ, ಉತ್ತರ ಕೊಡುವ ಮೊದಲು ಕಿಟಕಿಯ ಕಡೆ ಕತ್ತು ಚಾಚಿ ನೋಡಿದ ಮಗು ಚಿತ್ರ ಕಲಿಯಲು ಶುರು ಮಾಡಿದೆ ಎಂದೇ ಅರ್ಥ. ಅದರ ವಂಶದಲ್ಲಿ ಯಾರಿಗೆ ಕೈ ಇತ್ತು ಎಂದು ಯಾರೂ ಕೇಳಬೇಕಾಗಿಲ್ಲ.